ಅನ್ನದೊಳಗಿನ ಹಸಿವು



ಹಸಿವು ಎರಡು ವಿಧವಾದುದು. ಒಂದು ಹೊಟ್ಟೆಯ ಹಸಿವು. ಅದು ಕೂಗಿ ಕೇಳುವುದು, ಉಂಡೊಡನೆ ಅಡಗುವುದು. ಇನ್ನೊಂದು ರಕ್ತದ ಹಸಿವು. ಅದು ಬಾಯಿಬಿಟ್ಟು ಹೇಳದು, ಎರಡು ಹೊತ್ತೂ ತೃಪ್ತಿಯಾಗಿ ಉಂಡವರಲ್ಲಿಯೂ ಮನೆಮಾಡಿಕೊಂಡಿರುವುದು. ಹೊಲದಲ್ಲಿಯೂ ಮನೆಯಲ್ಲಿಯೂ ದುಡಿಯುವ ಗೃಹಿಣಿ ನಾಲ್ಕು ಹೆಜ್ಜೆ ಏರಿದರೆ ಏದುಸಿರು ಬಿಡುವಳು; ಶಾಲೆಯ ಬಾಲಕನು ಪಾಠದ ನಡುವೆ ಮಂಕಾಗಿ ಕುಳಿತಿರುವನು. ಮನೆಯವರು ಇದನ್ನು ಸೋಮಾರಿತನವೆಂದು ಬೈಯುವುದುಂಟು. ವೈದ್ಯರು ರಕ್ತವನ್ನು ಪರೀಕ್ಷಿಸಿದರೆ ಕಾರಣವು ಬೇರೆಯಾಗಿ ತೋರುವುದು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65.5 ಮಂದಿಗೂ, 15ರಿಂದ 49 ವರ್ಷದ ಸ್ತ್ರೀಯರಲ್ಲಿ ನೂರಕ್ಕೆ 47.8 ಮಂದಿಗೂ ರಕ್ತಹೀನತೆಯಿದ್ದಿತು. ರಕ್ತಹೀನತೆಗೆ ಜಂತುಹುಳು, ಬೇರೆ ಜೀವಸತ್ವಗಳ ಕೊರತೆ ಮುಂತಾದ ಕಾರಣಗಳೂ ಉಂಟು. ಆದರೆ ಆಹಾರದಲ್ಲಿ ಕಬ್ಬಿಣದ ಅಂಶವು ಸಾಲದಿರುವುದು ಅವುಗಳಲ್ಲಿ ಮುಖ್ಯವಾದುದು. ಸತುವಿನ ಕೊರತೆಯಿಂದ ಮಕ್ಕಳ ಬೆಳವಣಿಗೆ ಕುಂಠಿತವಾಗುವುದು. ಎ ಜೀವಸತ್ವದ ಕೊರತೆಯಿಂದ ಕಣ್ಣಿಗೆ ಹಾನಿ.

ಈಗ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಗಳ ನೆಲವನ್ನು ನೋಡಬೇಕು. ಚನ್ನಗಿರಿಯಲ್ಲಿ ಸೂಳೆಕೆರೆಯ ನೀರೂ ಭದ್ರಾ ನಾಲೆಯ ನೀರೂ ಉಂಟು. ಅಲ್ಲಿ ಭತ್ತದ ಗದ್ದೆಗಳ ಪಕ್ಕದಲ್ಲಿಯೇ ಅಡಕೆಯ ತೋಟಗಳು ಹಬ್ಬಿವೆ. ಹೊನ್ನಾಳಿ, ನ್ಯಾಮತಿಗಳಲ್ಲಿ ಹೊಳೆಯ ಆಸರೆಯಿರುವೆಡೆ ಭತ್ತ, ಮಳೆಯಾಶ್ರಯದಲ್ಲಿ ಮೆಕ್ಕೆಜೋಳ. ಜಗಳೂರಿನ ಒಣನೆಲದಲ್ಲಿಯೂ ಮೆಕ್ಕೆಜೋಳವೇ ಮುಂದಾಗಿ, ರಾಗಿ, ಜೋಳ, ನವಣೆಗಳು ಹಿಂದೆ ಸರಿದಿವೆ. ಅಡಕೆಯಿಂದಲೂ ಮೆಕ್ಕೆಜೋಳದಿಂದಲೂ ಹಣ ಬರುವುದು ನಿಜ; ಸಾಲ ತೀರುವುದು, ಮಕ್ಕಳ ಓದು ಸಾಗುವುದು. ಆದರೆ ಮೆಕ್ಕೆಜೋಳದ ಬಹುಭಾಗವು ಕೋಳಿ, ದನಗಳ ಮೇವಿಗೆ ಹೋಗುವುದು. ಬೆಳೆದವನ ತಟ್ಟೆಗೆ ಬರುವುದು ಬಿಳಿಯದಾಗಿ ತಿಕ್ಕಿದ ಅಕ್ಕಿ. ಕಣಜದಲ್ಲಿ ಹಣ ಸೇರಿದರೂ ಊಟದಿಂದ ಸಾರವು ಹೊರಟುಹೋಯಿತು.

ಇದಕ್ಕೆ ಪರಿಹಾರವು ಮೂರು ಬಗೆ. ಮೊದಲನೆಯದು ಮಾತ್ರೆ. ಅದು ರೋಗಿಗೂ ಗರ್ಭಿಣಿಗೂ ಅವಶ್ಯಕ. ಆದರೆ ಜನ್ಮಪೂರ್ತಿ ಎಲ್ಲರೂ ನುಂಗಲಾರರು. ಎರಡನೆಯದು ಗಿರಣಿಯಲ್ಲಿ ಧಾನ್ಯಕ್ಕೆ ಸಾರವನ್ನು ಬೆರೆಸುವುದು. 2021ರಲ್ಲಿ ಘೋಷಿತವಾಗಿ ಪಡಿತರದ ಮೂಲಕ ಹಂಚಲ್ಪಟ್ಟ ಸಾರವರ್ಧಿತ ಅಕ್ಕಿಯು ಈ ಬಗೆಯದು. ಅದನ್ನು ಕಂಡು ಅನೇಕ ಹಳ್ಳಿಗಳಲ್ಲಿ ಜನರು ಪ್ಲಾಸ್ಟಿಕ್ ಅಕ್ಕಿಯೆಂದು ಶಂಕಿಸಿ ಆರಿಸಿ ಎಸೆದರು. ಮೂರನೆಯದು ಬೀಜದಲ್ಲಿಯೇ ಸಾರವನ್ನು ಕೂಡಿಸುವುದು. ಸಾವಿರಾರು ತಳಿಗಳಲ್ಲಿ ಕೆಲವು ಸ್ವಭಾವತಃ ಹೆಚ್ಚು ಕಬ್ಬಿಣವನ್ನೋ ಸತುವನ್ನೋ ಮಣ್ಣಿನಿಂದ ಹೀರಿ ಕಾಳಿನಲ್ಲಿ ತುಂಬುವುವು. ಅವನ್ನು ಆರಿಸಿ, ಇಳುವರಿಯುಳ್ಳ ತಳಿಗಳೊಡನೆ ಕೂಡಿಸಿ ಪಡೆದವುಗಳಿಗೆ ಜೈವಿಕ ಸಾರವರ್ಧಿತ ತಳಿಗಳೆಂದು ಹೆಸರು. ಇಲ್ಲಿ ಪುಡಿಯನ್ನು ಬೆರೆಸುವ ಮಾತಿಲ್ಲ. ಗಿಡವೇ ತನ್ನ ಕಾಯಕದಿಂದ ಸಾರವನ್ನು ಕೂಡಿಡುವುದು.

ಇದು ಬರಿಯ ಆಶೆಯಲ್ಲವೆಂಬುದಕ್ಕೆ ಕನ್ನಡನಾಡಿನಲ್ಲಿಯೇ ಪ್ರಮಾಣವುಂಟು. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರ ತ್ಯಾಗದಿಂದ ಹುಟ್ಟಿದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಗೆ ಸೇರಿದ ಜವಾಹರಲಾಲ್ ನೆಹರು ವೈದ್ಯಕೀಯ ಮಹಾವಿದ್ಯಾಲಯದ ವೈದ್ಯರು, ಅಮೆರಿಕೆಯ ವಿಜ್ಞಾನಿಗಳೊಡನೆ ಕೂಡಿ, ಎರಡು ವರ್ಷ ವಯಸ್ಸಿನ 40 ಮಕ್ಕಳಿಗೆ ಸಜ್ಜೆಯ ತಿನಿಸುಗಳನ್ನು ಕೊಟ್ಟು ಪರೀಕ್ಷಿಸಿದರು. 2013ರಲ್ಲಿ ಪ್ರಕಟವಾದ ಆ ಪರೀಕ್ಷೆಯಲ್ಲಿ, ಸಾರವರ್ಧಿತ ಸಜ್ಜೆಯನ್ನುಂಡ ಮಕ್ಕಳ ಮೈಗೆ ಸಾಧಾರಣ ಸಜ್ಜೆಯನ್ನುಂಡವರಿಗಿಂತ ಎರಡು ಪಟ್ಟಿಗೂ ಮೀರಿ ಕಬ್ಬಿಣವು ಸೇರಿತು. ಸತುವೂ ಹೆಚ್ಚಾಗಿ ಸೇರಿತು. ಮಹಾರಾಷ್ಟ್ರದ ಶಾಲೆಯ ಮಕ್ಕಳಿಗೆ ಇಂಥ ಸಜ್ಜೆಯ ಭಾಕರಿಯನ್ನು ತಿಂಗಳುಗಟ್ಟಲೆ ಕೊಟ್ಟಾಗ ಅವರ ಮೈಯ ಕಬ್ಬಿಣದ ಸಂಗ್ರಹವು ಏರಿದುದು 2015ರಲ್ಲಿ ಪ್ರಕಟವಾಯಿತು. 2014ರಲ್ಲಿ ದೇಶಕ್ಕೆಲ್ಲ ಬಿಡುಗಡೆಯಾದ 'ಧನಶಕ್ತಿ' ಎಂಬ ಸಜ್ಜೆಯು ಈ ಬಗೆಯ ತಳಿ. 2018ರಿಂದ ಈಚೆಗೆ, ಹೊಸ ಸಜ್ಜೆಯ ತಳಿಯಾವುದೂ ಕಿಲೋ ಒಂದಕ್ಕೆ ಕನಿಷ್ಠ 42 ಮಿಲಿಗ್ರಾಂ ಕಬ್ಬಿಣ, 32 ಮಿಲಿಗ್ರಾಂ ಸತು ಇಲ್ಲದೆ ಬಿಡುಗಡೆಯಾಗಕೂಡದೆಂಬ ನಿಯಮವೂ ಆಯಿತು.

ರಾಗಿಯುಣ್ಣುವ ನಾಡಿಗೆ ಇನ್ನೂ ಹತ್ತಿರದ ಮಾತುಂಟು. 2020ರ ಅಕ್ಟೋಬರ್ 16ರಂದು ಎಂಟು ಬೆಳೆಗಳ 17 ಸಾರವರ್ಧಿತ ತಳಿಗಳನ್ನು ಪ್ರಧಾನಮಂತ್ರಿಗಳು ರಾಷ್ಟ್ರಕ್ಕೆ ಅರ್ಪಿಸಿದರು. ಅವುಗಳಲ್ಲಿ 'ಸಿಎಫ್‌ಎಂವಿ 1' ಎಂಬ ರಾಗಿಯು ಕರ್ನಾಟಕಕ್ಕೂ ಶಿಫಾರಸಾದುದು. ಅದರ ನೂರು ಗ್ರಾಂ ಕಾಳಿನಲ್ಲಿ 428 ಮಿಲಿಗ್ರಾಂ ಸುಣ್ಣಾಂಶವೂ, ಕಿಲೋ ಒಂದರಲ್ಲಿ 58 ಮಿಲಿಗ್ರಾಂ ಕಬ್ಬಿಣವೂ ಇರುವುವು. ಗದ್ದೆಯವರಿಗೆ ಹೈದರಾಬಾದಿನ ಭತ್ತ ಸಂಶೋಧನಾ ಸಂಸ್ಥೆಯ 'ಡಿಆರ್‌ಆರ್ ಧಾನ್ 45' ಉಂಟು. ತಿಕ್ಕಿದ ಅಕ್ಕಿಯಲ್ಲಿ ಸಾಧಾರಣವಾಗಿ ಕಿಲೋಗೆ 12ರಿಂದ 16 ಮಿಲಿಗ್ರಾಂ ಸತುವಿದ್ದರೆ ಇದರಲ್ಲಿ 22.6 ಮಿಲಿಗ್ರಾಂ.

ಇಂಥ ಬೀಜಗಳಿರಲು ಅವು ಹೊಲಕ್ಕೇಕೆ ಬಾರವು? ಕಾರಣವು ಸರಳವಾದುದು. ಕಬ್ಬಿಣವು ಕಣ್ಣಿಗೆ ಕಾಣದು. ಸಾರವುಳ್ಳ ರಾಗಿಗೂ ಸಾರವಿಲ್ಲದ ರಾಗಿಗೂ ಮಂಡಿಯಲ್ಲಿ ಒಂದೇ ಬೆಲೆ, ಒಂದೇ ರಾಶಿ. ರೈತನು ಧರ್ಮಕ್ಕಾಗಿ ಒಂದು ವರ್ಷ ಬೆಳೆದಾನು. ನಷ್ಟವಾದರೆ ಮರುವರ್ಷ ಬೆಳೆಯಲಾರನು. ಮಂಡ್ಯದ ಕ್ಷೇತ್ರದಲ್ಲಿ ಸಿ. ಎಚ್. ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಕೂಡಿಸಿ ಪಡೆದ ಇಂಡಾಫ್ ತಳಿಗಳು ನಾಡಿನಲ್ಲೆಲ್ಲ ಹಬ್ಬಿದುದು ಇಳುವರಿಯ ಬಲದಿಂದ. ಆದುದರಿಂದ ಸಾರದ ಬೀಜವೂ ಇಳುವರಿಯಲ್ಲಿ ಹಿಂದೆ ಬೀಳಬಾರದು. ಅದಕ್ಕೆ ನಿಶ್ಚಿತವಾಗಿ ಕೊಳ್ಳುವವನೊಬ್ಬನು ಬೇಕು.

ಬೀಜವನ್ನು ಹೆಚ್ಚಿಸುವುದು ಅಸಾಧ್ಯವಲ್ಲ. ರಾಗಿಯು ತನ್ನ ಹೂವಿನ ಪರಾಗದಿಂದಲೇ ಕಾಳುಕಟ್ಟುವ ಬೆಳೆಯಾದುದರಿಂದ ಬೆಳೆದವನೇ ಬೀಜವನ್ನು ಉಳಿಸಿಕೊಳ್ಳಬಹುದು. ಹೈಬ್ರಿಡ್ ಮೆಕ್ಕೆಜೋಳದಂತೆ ವರ್ಷವರ್ಷವೂ ಕೊಳ್ಳಬೇಕಾಗಿಲ್ಲ. ಒಂದೆಕರೆಗೆ ಎಂಟು ಕ್ವಿಂಟಾಲ್ ಬೆಳೆ, ಬಿತ್ತನೆಗೆ ನಾಲ್ಕು ಕಿಲೋ ಎಂದು ಹಿಡಿದು, ಬೆಳೆದುದರಲ್ಲಿ ಅರ್ಧವನ್ನೇ ಬೀಜಕ್ಕೆಂದು ತೆಗೆದಿಟ್ಟರೂ, ಈ ವರ್ಷದ ಒಂದೆಕರೆಯಿಂದ ಮುಂದಿನ ವರ್ಷ 100 ಎಕರೆ, ಅದರ ಮುಂದಿನ ವರ್ಷ 10,000 ಎಕರೆ ಬಿತ್ತಬಹುದು. ಬೀಜವು ಬೆರಕೆಯಾಗದಂತೆ ಕಣವನ್ನೂ ಚೀಲವನ್ನೂ ಬೇರೆಯಿಡುವ ಎಚ್ಚರವಿದ್ದರೆ ಸಾಕು. ಸಜ್ಜೆಯ ಪರಾಗವು ಗಾಳಿಯಲ್ಲಿ ಹಾರಿ ಬೆರೆಯುವುದರಿಂದ ಅದರ ಬೀಜದ ಹೊಲವನ್ನು ಬೇರೆ ಸಜ್ಜೆಯಿಂದ ದೂರವಿಡಬೇಕು. ಇಂಥ ವಿಷಯಗಳಲ್ಲಿ ಸಲಹೆಗೆ ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆಯ ಸಂಶೋಧನಾ ಕೇಂದ್ರವೂ, ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರವೂ ಸಮೀಪದಲ್ಲಿಯೇ ಇವೆ.

ಇನ್ನು ಕೊಳ್ಳುವವನು ಯಾರು? ಇಲ್ಲಿ ದಾಸೋಹದ ಮಾತು ಬರುವುದು. ಮಠಗಳ ದಾಸೋಹ, ವಿದ್ಯಾರ್ಥಿನಿಲಯ, ಜಾತ್ರೆಯ ಪ್ರಸಾದ, ಶಾಲೆಯ ಊಟ, ಅಂಗನವಾಡಿ ಇವುಗಳ ಒಲೆಗಳು ನಿತ್ಯವೂ ಉರಿಯುವುವು. ಇವುಗಳನ್ನು ನಡೆಸುವವರು ಬಿತ್ತನೆಗೆ ಮುಂಚೆಯೇ ಇಂತಿಷ್ಟು ಸಾರವುಳ್ಳ ರಾಗಿಯನ್ನು ಇಂತಿಷ್ಟು ಬೆಲೆಗೆ ಕೊಳ್ಳುವೆವೆಂದು ಹತ್ತಾರು ರೈತರಿಗೆ ಮಾತುಕೊಟ್ಟರೆ, ರೈತನ ಭಯವು ಹೋಗುವುದು. ಭಕ್ತರು ಕಾಣಿಕೆಯಾಗಿ ತರುವ ಚೀಲಗಳಲ್ಲಿ ಒಂದೆರಡು ಇಂಥ ರಾಗಿಯವಾದರೆ, ಉಣ್ಣುವ ಮಕ್ಕಳಿಗೆ ಅದರ ಫಲವು ನೇರವಾಗಿ ಸಲ್ಲುವುದು.

ಅಡಿಗೆಮನೆಯ ಕೆಲಸವೂ ಸ್ವಲ್ಪವುಂಟು. ರಾಗಿಯಲ್ಲಿಯೇ ಕಬ್ಬಿಣವನ್ನು ಮೈಗೆ ಸೇರಗೊಡದ ಕೆಲವು ಅಂಶಗಳಿವೆ. ಮೊಳಕೆ ಕಟ್ಟಿದರೆ, ಅಂಬಲಿಯನ್ನು ಹುಳಿಬರಿಸಿದರೆ ಅವು ಕುಂದುವುವು. ಊಟದೊಡನೆ ನಿಂಬೆ, ನೆಲ್ಲಿಕಾಯಿಗಳಿದ್ದರೆ ಕಬ್ಬಿಣವು ಚೆನ್ನಾಗಿ ಸೇರುವುದು. ಉಂಡೊಡನೆ ಚಹ, ಕಾಫಿ ಕುಡಿದರೆ ಕೆಡುವುದು. ಅಕ್ಕಿಯನ್ನು ಅತಿಯಾಗಿ ತಿಕ್ಕಿಸಿದರೆ ಸಾರವು ತೌಡಿನೊಡನೆ ಹೋಗುವುದು. ಈ ಬೀಜಗಳು ಸೊಪ್ಪು, ಬೇಳೆ, ಹಾಲು, ಹಣ್ಣುಗಳ ಸ್ಥಾನವನ್ನು ತುಂಬಲಾರವು. ತೀವ್ರವಾದ ರಕ್ತಹೀನತೆಯುಳ್ಳವರು ವೈದ್ಯರ ಬಳಿಗೇ ಹೋಗಬೇಕು. ಬಡವನ ಮನೆಯಲ್ಲಿ ಸೊಪ್ಪು ಹಣ್ಣುಗಳು ತಪ್ಪುವ ದಿನವೂ ಮುದ್ದೆಯು ತಪ್ಪದು. ಆ ಮುದ್ದೆಯಲ್ಲಿಯೇ ಸಾರವಿರಲಿ ಎಂಬುದಷ್ಟೇ ಈ ಪ್ರಯತ್ನದ ಅರ್ಥ.

ಹಸಿದವನಿಗೆ ಅನ್ನವಿಕ್ಕುವುದನ್ನು ಈ ನಾಡು ಬಹುಕಾಲದಿಂದ ಬಲ್ಲುದು. ಇಕ್ಕಿದ ಅನ್ನದಲ್ಲಿ ಏನಿದೆಯೆಂದು ವಿಚಾರಿಸುವ ಕಾಲವೂ ಈಗ ಬಂದಿರುವುದು. ಬರುವ ಮುಂಗಾರಿಗೆ ನಾಲ್ಕು ತಾಲ್ಲೂಕುಗಳಲ್ಲಿಯೂ ಊರಿಗೊಂದೆಕರೆಯಾದರೂ ಇಂಥ ಬೀಜವು ನೆಲಕ್ಕೆ ಬೀಳಲಿ. ಅದರ ಕಾಳು ಮೊದಲು ಮನೆಯ ತಾಯಿಗೂ ಮಕ್ಕಳಿಗೂ, ಆಮೇಲೆ ಮಂಡಿಗೂ ಸಲ್ಲಲಿ.