ಹಕ್ಕಲು ಆಯುವ ಹೆಬ್ಬಾತು

ವೇದಿಕೆಯ ಮೇಲಿರುವ ಹಿರಿಯರಿಗೆ, ಅರಣ್ಯ ಇಲಾಖೆಯವರಿಗೆ, ಪಂಚಾಯ್ತಿಯವರಿಗೆ, ರೊಟ್ಟಿ ಕೆಲಸ ಮುಗಿಸಿ ಈಗಷ್ಟೇ ಬಂದು ಹಿಂದೆ ನಿಂತಿರುವ ಅವ್ವಂದಿರಿಗೆ, ಮುಂದಿನ ಸಾಲಿನಲ್ಲಿ ಕೂತು ಕುಂಡದ ಮಣ್ಣು ಕೆದರುತ್ತಿರುವ ಮಕ್ಕಳಿಗೆ ಶರಣು. ಒಬ್ಬೊಬ್ಬರ ಹೆಸರು ಹಿಡಿದು ಹೋದರೆ ಯಾರಾದರೂ ಒಬ್ಬರು ಬಿಟ್ಟುಹೋಗುತ್ತಾರೆ, ಆಮೇಲೆ ನಮ್ಮ ಬೆಳ್ಳಟ್ಟಿಯಲ್ಲಿ ಅದೇ ಒಂದು ವಾರದ ಸುದ್ದಿ. ಸಸಿಗೆ ನೀರು ಹಾಕಿದ್ದಾಯಿತು. ಉದ್ಘಾಟನೆ ಅಲ್ಲಿಗೆ ಮುಗಿದಂತೆ.

ಊರಿನ ಮಕ್ಕಳನ್ನೂ ಅವರ ಅಪ್ಪ-ಅವ್ವಂದಿರನ್ನೂ ನಾಳೆ ಮಾಗಡಿ ಕೆರೆಗೆ, ಮುಂದಿನ ಭಾನುವಾರ ಕಪ್ಪತಗುಡ್ಡದ ಬುಡಕ್ಕೆ ಕರೆದೊಯ್ಯುವ ಕಾರ್ಯಕ್ರಮಕ್ಕೆ ನಿಮ್ಮ ಮುಂದೆ ನಿಂತಿರುವ ಈ ನಿವೃತ್ತ ಕನ್ನಡ ಮಾಸ್ತರನನ್ನು ಏಕೆ ಕರೆದರೋ ಕರೆದವರೇ ಬಲ್ಲರು. ಹಕ್ಕಿಗಳ ವಿಷಯದಲ್ಲಿ ಅವನಿಗಿಂತ ಹೆಚ್ಚು ಬಲ್ಲವರು ಇಲ್ಲೇ ಮೂರನೇ ಸಾಲಿನಲ್ಲಿ ಕೊರಳಿಗೆ ದುರ್ಬೀನು ಹಾಕಿಕೊಂಡು ಕೂತಿದ್ದಾರೆ. ಮಾಸ್ತರನಿಗೆ ಗೊತ್ತಿರುವುದು ಶೇಂಗಾ ಹೊಲ. ಹೀಗಾಗಿ ಇಂದು ಇಲ್ಲಿ ಶೇಂಗಾದ ಮಾತೇ ಜಾಸ್ತಿ ಕೇಳಿಬಂದರೆ ತಪ್ಪು ಕರೆದವರದು.

ಮೊದಲು ಒಂದು ತಕರಾರು. ಶಿವರಾತ್ರಿ ಮುಗಿದಿದೆ, ಯುಗಾದಿ ಇನ್ನೂ ಬರಬೇಕು. ನವೆಂಬರಿನಲ್ಲಿ ಕೆರೆಗೆ ಬರತೊಡಗುವ ಪಟ್ಟೆತಲೆ ಹೆಬ್ಬಾತುಗಳು ಫೆಬ್ರವರಿ, ಮಾರ್ಚ್ ಹೊತ್ತಿಗೆ ಗಂಟುಮೂಟೆ ಕಟ್ಟುತ್ತವೆ. ಅಂದರೆ ನೆಂಟರೆಲ್ಲ ಬಸ್ ಹತ್ತಿದ ಮೇಲೆ ನಾವು ಹೋಳಿಗೆ ಊಟಕ್ಕೆ ಕರೆದಿದ್ದೇವೆ. ಶಾಲೆಯ ಪರೀಕ್ಷೆ, ಹೊಲದ ಸುಗ್ಗಿ ಎಲ್ಲ ನೋಡಿ ದಿನ ಗೊತ್ತುಮಾಡಿದ್ದಾರೆ, ಅದು ಸರಿ. ನಾಳೆ ಕೆರೆಯಲ್ಲಿ ತಡವಾಗಿ ಉಳಿದ ಒಂದಿಷ್ಟು ಹೆಬ್ಬಾತು ಕಂಡರೆ ಮಕ್ಕಳ ಪುಣ್ಯ. ಕಾಣದಿದ್ದರೂ ಕೆರೆ ಖಾಲಿಯೇನೂ ಇರುವುದಿಲ್ಲ.

ಮಾಗಡಿ ಕೆರೆ ದೊಡ್ಡ ಕೆರೆಯಲ್ಲ, ಸುಮಾರು 50 ಹೆಕ್ಟೇರ್. ಮಳೆ ನೀರು ಹಿಡಿದು ಹೊಲಕ್ಕೆ ಬಿಡಲು ಮನುಷ್ಯರು ಕಟ್ಟಿದ್ದು. 2024ರ ಜನವರಿ 31ರಂದು ಅದರ ಹೆಸರು ರಾಮ್ಸರ್ ಪಟ್ಟಿಗೆ ಸೇರಿದ ಸುದ್ದಿ ಬಂತು. ಕರ್ನಾಟಕದಿಂದ ಅಂದೇ ಅಘನಾಶಿನಿ ಅಳಿವೆ ಮತ್ತು ವಿಜಯನಗರ ಜಿಲ್ಲೆಯ ಅಂಕಸಮುದ್ರವೂ ಸೇರಿದವು. ಅದಕ್ಕೆ ಮೊದಲು ರಾಜ್ಯದಿಂದ ಆ ಪಟ್ಟಿಯಲ್ಲಿ ಇದ್ದದ್ದು ರಂಗನತಿಟ್ಟು ಒಂದೇ. ರಾಮ್ಸರ್ ಎಂಬುದು ಇರಾನಿನಲ್ಲಿ ಕ್ಯಾಸ್ಪಿಯನ್ ಸಮುದ್ರದ ದಂಡೆಯ ಊರು. 1971ರ ಫೆಬ್ರವರಿ 2ರಂದು ಜೌಗು ಪ್ರದೇಶಗಳನ್ನು ಕಾಪಾಡುವ ಒಪ್ಪಂದ ಆದದ್ದು ಅಲ್ಲಿ. ನಮ್ಮ ಕೆರೆಯ ದಾಖಲೆಯಲ್ಲಿ 166ಕ್ಕೂ ಹೆಚ್ಚು ಜಾತಿಯ ಹಕ್ಕಿಗಳಿವೆ, ಅವುಗಳಲ್ಲಿ 130 ವಲಸೆ ಬರುವಂಥವು. ಹೆಬ್ಬಾತುಗಳೇ ವರ್ಷಕ್ಕೆ ಎಂಟು ಸಾವಿರದಷ್ಟು ಬರುತ್ತವೆಂದು ಲೆಕ್ಕ. ಶಿರಹಟ್ಟಿ ತಾಲ್ಲೂಕಿನ ಒಂದು ಕೆರೆಗೆ ಇದಕ್ಕಿಂತ ದೊಡ್ಡ ಜಾತ್ರೆ ಇನ್ನೇನು ಬೇಕು?

ಈಗ ಶೇಂಗಾ.

ಮಾಗಡಿ ಕಡೆ ಈ ಮಾಸ್ತರನ ಸೋದರಮಾವನ ಹೊಲ ಇತ್ತು. ಸೂಟಿ ಬಿಟ್ಟಾಗೆಲ್ಲ ಹುಡುಗ ಅಲ್ಲೇ. ಶೇಂಗಾ ಕಿತ್ತು, ಬಳ್ಳಿ ಒಟ್ಟಿ, ಕಾಯಿ ಬಿಡಿಸಿ ಮನೆಗೆ ಸಾಗಿಸಿದ ಮೇಲೂ ನೆಲದೊಳಗೆ ಒಂದಿಷ್ಟು ಕಾಯಿ ಉಳಿಯುತ್ತದೆ. ಅದು ಹಕ್ಕಲು. ಹಕ್ಕಲು ಆಯುವುದು ಹೆಂಗಸರ, ಮಕ್ಕಳ ಹಕ್ಕು. ಹೊಲದ ಮಾಲೀಕ ಬೇಡ ಅನ್ನುವ ಹಾಗಿರಲಿಲ್ಲ. ಬಗ್ಗಿ, ಕುರ್ಚಗಿಯ ತುದಿಯಿಂದ ಮಣ್ಣು ಕೆದರಿ, ಒಂದೊಂದೇ ಕಾಯಿ ಉಡಿಗೆ ಹಾಕಿಕೊಳ್ಳುತ್ತ ಹೊತ್ತೇರುವ ತನಕ ಆಯ್ದರೆ ಒಂದು ಸೇರು ಆದೀತು. ಹುಡುಗನಿಗೆ ಸಿಟ್ಟು ಬರುತ್ತಿದ್ದದ್ದು ಏಕೆಂದರೆ, ಅವನು ನಸುಕಿನಲ್ಲಿ ಎದ್ದು ಹೋಗುವಷ್ಟರಲ್ಲಿ ಅಲ್ಲಿ ಆಗಲೇ ಬೇರೆಯವರು ಹಕ್ಕಲು ಆಯುತ್ತಿದ್ದರು.

ಹೆಬ್ಬಾತುಗಳು. ಬೂದು ಮೈ, ಬಿಳಿ ತಲೆ, ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಗೀರು, ಕಿತ್ತಳೆ ಬಣ್ಣದ ಕಾಲು, ಅದೇ ಬಣ್ಣದ ಕೊಕ್ಕಿನ ತುದಿಯಲ್ಲಿ ಕಾಡಿಗೆ ಹಚ್ಚಿದಂತೆ ಒಂದು ಕರಿ ಚುಕ್ಕೆ. ಎಲ್ಲ ತಲೆ ತಗ್ಗಿಸಿ ನೆಲ ಕೆದರುತ್ತಿದ್ದರೆ ಒಂದೆರಡು ಮಾತ್ರ ಕುತ್ತಿಗೆ ನೆಟ್ಟಗೆ ಮಾಡಿ ನಿಂತಿರುತ್ತಿದ್ದವು. ಆ ಕಾವಲುಗಾರನಿಗೆ ಮನುಷ್ಯನ ಅಂತರ ಚೆನ್ನಾಗಿ ಗೊತ್ತು. ಎತ್ತಿನ ಗಾಡಿ ಹತ್ತಿರದಲ್ಲೇ ಹಾದುಹೋದರೂ ಸುಮ್ಮನಿರುತ್ತಿತ್ತು. ಹಕ್ಕಿ ಓಡಿಸಲು ಬಡಿಯುವ ಡಬ್ಬಿ ಹಿಡಿದ ಹುಡುಗ ಬದುವಿನ ಆಚೆ ತಲೆ ಎತ್ತಿದನೋ, ಒಂದು ಕೂಗು. ಹೊಲಕ್ಕೆ ಹೊಲವೇ ಎದ್ದು ಆಕಾಶಕ್ಕೆ ಹೋದ ಹಾಗೆ ಎಲ್ಲ ಹಾರುತ್ತಿದ್ದವು.

"ಏ ತಮ್ಮಾ, ಹಸಿ ಕಡ್ಲಿಗೆ ಬಂದ್ರ ಓಡಸು, ಹಕ್ಕಲಕ್ಕ ಬಂದ್ರ ಬಿಡು" ಎನ್ನುತ್ತಿದ್ದ ಮಾವ. ಅವನ ವನ್ಯಜೀವಿ ಕಾಯ್ದೆ ಅಷ್ಟೇ. ಕಡಲೆ ಇನ್ನೂ ಎಳೆಯದಾಗಿದ್ದಾಗ ಇಡೀ ಮನೆ ಪಾಳಿ ಹಾಕಿಕೊಂಡು ಕಾಯುತ್ತಿತ್ತು, ಏಕೆಂದರೆ ಈ ಹಕ್ಕಿ ಹಗಲೆಲ್ಲ ನೀರಿನ ಮೇಲೆ ಸುಸ್ತಾದವರ ಹಾಗೆ ಕೂತು, ಕತ್ತಲಾದ ಮೇಲೆ ಮತ್ತು ನಸುಕಿನಲ್ಲಿ ಊಟಕ್ಕೆ ಹೊರಡುತ್ತದೆ. ಮೀನು ಮುಟ್ಟುವುದಿಲ್ಲ; ಹುಲ್ಲು, ಚಿಗುರು, ಕಾಳು ಇದರ ಊಟ. ಅಂದರೆ ಕೆರೆ ಅದಕ್ಕೆ ಮಲಗುವ ಕೋಣೆ, ಅಡುಗೆಮನೆ ಹೊಲ.

ಆ ಹುಡುಗನಿಗೆ ಆಗ ಗೊತ್ತಿರದ ಸಂಗತಿ ಒಂದಿದೆ. ಇವು ಮಂಗೋಲಿಯಾ, ಟಿಬೆಟ್, ಲಡಾಖ್ ಕಡೆಯ ಸರೋವರಗಳ ಹತ್ತಿರ ಮರಿ ಮಾಡಿ, ಹಿಮಾಲಯ ದಾಟಿ ದಕ್ಷಿಣಕ್ಕೆ ಬರುತ್ತವೆ. ವಿಜ್ಞಾನಿಗಳು ಬೆನ್ನಿಗೆ ಯಂತ್ರ ಕಟ್ಟಿ ಉಪಗ್ರಹದಿಂದ ಹಿಂಬಾಲಿಸಿದಾಗ ಒಂದು ಹಕ್ಕಿ 7,290 ಮೀಟರ್ ಎತ್ತರ ಮುಟ್ಟಿದ್ದು ದಾಖಲಾಗಿದೆ. ಅಲ್ಲಿ ಗಾಳಿಯಲ್ಲಿ ಸಿಗುವ ಆಮ್ಲಜನಕ ನಮ್ಮಲ್ಲಿಯ ಅರ್ಧಕ್ಕಿಂತ ಕಡಿಮೆ. ಈ ಹೆಬ್ಬಾತಿನ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಬೇರೆ ಬಾತುಗಳಿಗಿಂತ ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಅದರಿಂದ ದಾಟುತ್ತದೆ. ಇನ್ನೊಂದು ಮಾತು ಕುಟುಂಬ ಸಮೇತ ಬಂದವರಿಗೆ ಹೇಳಲೇಬೇಕು: ಅಪ್ಪ, ಅವ್ವ, ಆ ವರ್ಷದ ಮರಿಗಳು ಒಟ್ಟಿಗೇ ಬರುತ್ತವೆ, ಚಳಿಗಾಲವೆಲ್ಲ ಒಟ್ಟಿಗೇ ಇರುತ್ತವೆ. ಮರಿಗಳ ತಲೆಗೆ ಆ ಎರಡು ಗೀರು ಮೊದಲಿಗೆ ಇರುವುದಿಲ್ಲ. ಮುಂದಿನ ನವೆಂಬರಿನಲ್ಲಿ ಹೋದಾಗ ಗೀರಿಲ್ಲದ ತಲೆಗಳನ್ನು ಎಣಿಸುವ ಕೆಲಸವನ್ನು ಮಕ್ಕಳಿಗೆ ಒಪ್ಪಿಸಿ. ಆ ವರ್ಷ ಹಿಮಾಲಯದ ಆಚೆ ಬಾಣಂತನ ಹೇಗಾಯಿತೆಂದು ಅದರಿಂದ ಒಂದು ಅಂದಾಜು ಸಿಗುತ್ತದೆ.

ಇಷ್ಟು ದೂರದಿಂದ ಬರುವ ಹಕ್ಕಿ ಉಣ್ಣುವುದು ಶಿರಹಟ್ಟಿ, ಲಕ್ಷ್ಮೇಶ್ವರದ ರೈತನ ಹೊಲದಲ್ಲಿ. ಮಾಸ್ತರನಿಗೆ ಹತ್ತುವ ಚಿಂತೆ ಇಲ್ಲಿಯದು. ಕೆರೆಗೆ ಫಲಕ ಬಂತು, ವೀಕ್ಷಣಾ ಗೋಪುರ ಬಂತು, ಅಂತರರಾಷ್ಟ್ರೀಯ ಹೆಸರು ಬಂತು. ಹೊಲಕ್ಕೆ ಏನು ಬಂತು? ಕೆರೆಯ ಏರಿಯೊಳಗಿನ ಐವತ್ತು ಹೆಕ್ಟೇರನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದರೂ ಏರಿಯ ಆಚೆಯದು ಕೈಬಿಟ್ಟರೆ ಹಕ್ಕಿ ನಿಲ್ಲುವುದಿಲ್ಲ, ನೀರೂ ನಿಲ್ಲುವುದಿಲ್ಲ.

ನೀರಿನ ಮಾತು ಸ್ವಲ್ಪ ಬಿಡಿಸಿ ಹೇಳಬೇಕು. ಮಾಗಡಿಯನ್ನು ರಾಮ್ಸರ್ ಪಟ್ಟಿಗೆ ಸೇರಿಸುವಾಗಲೇ ಅದಕ್ಕಿರುವ ಅಪಾಯವನ್ನೂ ಬರೆದಿದ್ದಾರೆ: ಮೇಲಿನ ಹೊಲಗಳಿಂದ ಹರಿದು ಬರುವ ನೀರು ಕೆರೆಯ ನೀರಿನ ಗುಣವನ್ನೇ ಬದಲಿಸುತ್ತಿದೆ. ಯೂರಿಯಾ ಎರಚಿದ ಮರುದಿನ ದೊಡ್ಡ ಮಳೆ ಹೊಡೆದರೆ ಚೀಲದಲ್ಲಿದ್ದ ರೊಕ್ಕ ಹಳ್ಳ ಹಿಡಿದು ಕೆರೆಗೆ ಹೋಯಿತೆಂದೇ ಅರ್ಥ. ಅಲ್ಲಿ ಅದು ಪಾಚಿಗೆ ಗೊಬ್ಬರ. ಪಾಚಿ ಹಸಿರು ಕಂಬಳಿಯ ಹಾಗೆ ಹಬ್ಬುತ್ತದೆ, ತಳಕ್ಕೆ ಬಿಸಿಲು ಹೋಗುವುದಿಲ್ಲ, ಸತ್ತು ಕೊಳೆಯುವಾಗ ನೀರಿನ ಉಸಿರನ್ನು ತಾನೇ ಎಳೆದುಕೊಳ್ಳುತ್ತದೆ. ಮೊದಲು ಮೀನು ಸಾಯುತ್ತವೆ. ಆಮೇಲೆ ಮೀನನ್ನೇ ನಂಬಿದ ನದಿ ರೀವ, ಹಾವಕ್ಕಿ, ಬಣ್ಣದ ಕೊಕ್ಕರೆ ಬೇರೆ ದಾರಿ ನೋಡಿಕೊಳ್ಳುತ್ತವೆ. ನದಿ ರೀವ ಈಗಾಗಲೇ ಜಗತ್ತಿನಲ್ಲಿ ಅಪಾಯದ ಅಂಚಿಗೆ ಬಂದಿರುವ ಹಕ್ಕಿ.

ಇದಕ್ಕೆ ರೈತನನ್ನು ಕಟಕಟೆಗೆ ನಿಲ್ಲಿಸುವುದು ಸುಲಭ, ಆದರೆ ಉಪಯೋಗವಿಲ್ಲ. ಗೊಬ್ಬರದ ಚೀಲಕ್ಕೆ ಸರದಿ ನಿಂತು ತಂದವನು ಅದನ್ನು ಕೆರೆಗೆ ಸುರಿಯಲು ತಂದಿರುವುದಿಲ್ಲ. ಬದು ಗಟ್ಟಿಯಾಗಿದ್ದು ಅದರ ಮೇಲೆ ಹುಲ್ಲಿದ್ದರೆ, ಇಳಿಜಾರಿನ ಬಾಯಲ್ಲಿ ಒಂದು ಕೃಷಿ ಹೊಂಡ ಇದ್ದರೆ, ಮಳೆಯ ಮುನ್ಸೂಚನೆ ನೋಡಿ ಗೊಬ್ಬರ ಎರಚಿದರೆ ಅರ್ಧ ಕೆಲಸ ಆದಂತೆ, ಲಾಭವೂ ಅವನದೇ. ಈ ಮಾತನ್ನು ಕೆರೆಯ ಮೇಲಿನ ಹೊಲದವರ ಜೊತೆ ಕೂತು ಆಡಬೇಕು. ಇವತ್ತಿನ ವೇದಿಕೆಯ ಮೇಲೆ ಅಂಥ ಒಬ್ಬ ರೈತನೂ ಇಲ್ಲ. ಸಂಘಟಕರು ಬೇಸರ ಮಾಡಿಕೊಳ್ಳಬಾರದು, ಆದರೆ ಎಂಟು ಸಾವಿರ ಹಕ್ಕಿಗೆ ಮೂರ್ನಾಲ್ಕು ತಿಂಗಳು ಊಟ ಹಾಕುವವನಿಗೆ ಒಂದು ಶಾಲು ಹೊದಿಸುವುದು ಇಂಥ ಕಾರ್ಯಕ್ರಮದ ಮೊದಲ ಕೆಲಸ ಆಗಬೇಕಿತ್ತು. ಹೂವಿನ ಹಾರ ಮಾಸ್ತರನ ಕೊರಳಿಗೆ ಬಿದ್ದಿದೆ. ಅವನು ಹಕ್ಕಿಗೆ ಕೊಟ್ಟದ್ದು ಡಬ್ಬಿ ಸಪ್ಪಳ ಮಾತ್ರ.

ನಾಳೆ ಹೋಗುವವರಿಗೆ ನಾಲ್ಕು ಮಾತು ಹೇಳಿರೆಂದು ಚೀಟಿ ಕೊಟ್ಟಿದ್ದಾರೆ. ಟೊಪ್ಪಿಗೆ, ನೀರು, ಬುತ್ತಿ ಎಂದು ಬರೆದಿದೆ. ಅದು ಅವ್ವಂದಿರಿಗೆ ಗೊತ್ತೇ ಇದೆ. ಚೀಟಿಯಲ್ಲಿ ಇಲ್ಲದ್ದು ಟಿಟ್ಟಿಭ.

ಕೆರೆಯ ನೀರು ಹಿಂದೆ ಸರಿದಾಗ ಬಿಡುವ ಬಯಲಿನಲ್ಲಿ, ಪಕ್ಕದ ಉತ್ತ ಹೊಲದಲ್ಲಿ ಈ ಹಕ್ಕಿ ಮಾರ್ಚಿನಿಂದ ಮೊಟ್ಟೆ ಇಡತೊಡಗುತ್ತದೆ. ಗೂಡು ಎನ್ನುವುದು ಹೆಸರಿಗೆ ಮಾತ್ರ; ನೆಲದಲ್ಲಿ ಒಂದು ಸಣ್ಣ ತಗ್ಗು, ಸುತ್ತ ಬೆಣಚುಕಲ್ಲು. ಸಾಮಾನ್ಯವಾಗಿ ನಾಲ್ಕು ಮೊಟ್ಟೆ, ಚೂಪು ತುದಿಗಳು ಒಳಮುಖವಾಗಿ. ಮಣ್ಣಿನ ಬಣ್ಣದ ಮೇಲೆ ಕರಿ ಕಲೆಗಳು. ಎರಡು ಹೆಜ್ಜೆ ದೂರದಲ್ಲಿ ನಿಂತರೂ ಕಲ್ಲು ಯಾವುದು, ಮೊಟ್ಟೆ ಯಾವುದು ತಿಳಿಯುವುದಿಲ್ಲ, ಕಾಲಿಟ್ಟ ಮೇಲೆ ತಿಳಿಯುತ್ತದೆ. ತಲೆಯ ಮೇಲೆ ಒಂದು ಹಕ್ಕಿ ಕಿರುಚುತ್ತ ಸುತ್ತು ಹಾಕತೊಡಗಿದರೆ, ಅಥವಾ ರೆಕ್ಕೆ ಮುರಿದವರ ಹಾಗೆ ನೆಲದ ಮೇಲೆ ತೆವಳಿ ನಾಟಕ ಹೂಡಿದರೆ ನಿಂತುಬಿಡಿ, ಬಂದ ಹೆಜ್ಜೆಯಲ್ಲೇ ಹಿಂದೆ ಸರಿಯಿರಿ. ಫೋಟೋ ಬೇಡ. ನೀವು ಅಲ್ಲಿ ನಿಂತಷ್ಟು ಹೊತ್ತು ಅವ್ವ ಗೂಡಿಗೆ ಬರುವುದಿಲ್ಲ, ಈ ಕಡೆಯ ಬಿಸಿಲಿನಲ್ಲಿ ಮೊಟ್ಟೆ ಬೇಯುವುದಕ್ಕೆ ಬಹಳ ಹೊತ್ತು ಬೇಕಿಲ್ಲ. ದೂರ ಸರಿದು ಕೂತರೆ ಒಂದು ಸೋಜಿಗ ಕಾಣಬಹುದು: ಹಕ್ಕಿ ನೀರಿಗೆ ಹೋಗಿ ಹೊಟ್ಟೆಯ ಗರಿ ತೋಯಿಸಿಕೊಂಡು ಬಂದು ಮೊಟ್ಟೆಯ ಮೇಲೆ ಕೂತು ತಂಪು ಮಾಡುತ್ತದೆ.

ಕಪ್ಪತಗುಡ್ಡದ ಇತಿಹಾಸವನ್ನೂ ಹೇಳಿ ಎಂದಿದ್ದರು. ಹೊತ್ತಾಯಿತು, ಒಂದೇ ಸಂಗತಿ ಹೇಳುವುದು. 2015ರಲ್ಲಿ ಸಂರಕ್ಷಿತ ಮೀಸಲು ಎಂದು ಘೋಷಿಸಿದ್ದನ್ನು 2016ರ ಕೊನೆಗೆ ಸರ್ಕಾರ ಹಿಂದೆ ಪಡೆಯಿತು. 2017ರ ಫೆಬ್ರವರಿಯಲ್ಲಿ ಗದುಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ಗುಡ್ಡ ಗಣಿಗೆ ಹೋಗಬಾರದೆಂದು ಧರಣಿಗೆ ಕೂತರು, ಜನ ಹಿಂದೆ ಬಂದರು, ಏಪ್ರಿಲ್‌ನಲ್ಲಿ ಮೀಸಲು ವಾಪಸು ಬಂತು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ವನ್ಯಜೀವಿ ಧಾಮವೇ ಆಯಿತು. ಗಣಿಯ ಕೈಯಿಂದ ತಪ್ಪಿಸಿದ ಗುಡ್ಡವನ್ನು ಬೀಡಿಯ ಕಿಡಿಗೆ ಕೊಡಬಾರದು. ಈ ದಿನಗಳಲ್ಲಿ ಅಲ್ಲಿಯ ಬಾದೆಹುಲ್ಲು ಹೇಗೆ ಒಣಗಿರುತ್ತದೆಂದರೆ, ಸಂಜೆಯ ಗಾಳಿಗೆ ಒಂದು ಕಿಡಿ ಬಿದ್ದರೆ ಬೆಳಗಾಗುವಷ್ಟರಲ್ಲಿ ಇಡೀ ಪಕ್ಕೆ ಕಪ್ಪು. ತೋಳ, ಕತ್ತೆಕಿರುಬ, ಚಿರತೆ ಓಡಿಯಾವು. ನೆಲದ ಮೇಲೆ ಮೊಟ್ಟೆ ಇಟ್ಟ ಗೌಜಲಕ್ಕಿ ಎಲ್ಲಿಗೆ ಹೋಗಬೇಕು? ಮುಂದಿನ ಭಾನುವಾರ ಅಪ್ಪಂದಿರು ಬೆಂಕಿಪೊಟ್ಟಣವನ್ನು ಮನೆಯಲ್ಲೇ ಬಿಟ್ಟು ಬರಬೇಕು. ಮಕ್ಕಳು ಜೇಬು ತಪಾಸಣೆ ಮಾಡಬಹುದು, ಅದಕ್ಕೆ ಮಾಸ್ತರನ ಅಪ್ಪಣೆ ಇದೆ. ಗುಡ್ಡದಲ್ಲಿ ಮುತ್ತುಗದ ಹೂ ಕಂಡರೆ ಬಿದ್ದದ್ದನ್ನು ಆಯ್ದುಕೊಳ್ಳಿ, ಟೊಂಗೆ ಮುರಿಯಬೇಡಿ.

ಸಂಘಟಕರಲ್ಲಿ ಒಂದು ಕೋರಿಕೆ. ನಾಳೆ ಬಸ್ಸನ್ನು ನೇರವಾಗಿ ಕೆರೆಯ ಏರಿಗೆ ಒಯ್ಯದೆ, ಒಂದು ಕಿಲೋಮೀಟರ್ ಮೊದಲೇ ನಿಲ್ಲಿಸಿ. ಮಕ್ಕಳು ಹೊಲದ ದಾರಿಯಲ್ಲಿ ನಡೆದು ಹೋಗಲಿ. ಯಾರ ಹೊಲ, ಏನು ಬೆಳೆ, ಹೆಬ್ಬಾತು ಬಂದಿದ್ದವೋ ಇಲ್ಲವೋ, ಬಂದಿದ್ದರೆ ಎಷ್ಟು ತಿಂದವು ಎಂದು ಅಲ್ಲಿ ಸಿಕ್ಕವರನ್ನು ಕೇಳಿ ವಹಿಯಲ್ಲಿ ಬರೆದುಕೊಳ್ಳಲಿ. ಆಮೇಲೆ ಕೆರೆಯ ದಂಡೆಯಲ್ಲಿ ಹದಿನೈದು ನಿಮಿಷ ಒಂದೇ ಕಡೆ ಕೂತು ಕಂಡ ಹಕ್ಕಿಗಳನ್ನೆಲ್ಲ ಎಣಿಸಲಿ. ಪ್ರತಿ ಫೆಬ್ರವರಿಯಲ್ಲಿ ಜಗತ್ತಿನ ತುಂಬ ಜನ ಮನೆಯ ಹಿತ್ತಲಲ್ಲಿ ಕೂತು ಹಕ್ಕಿ ಎಣಿಸುತ್ತಾರೆ, ಅವರಿಗೂ ಕನಿಷ್ಠ ಹದಿನೈದು ನಿಮಿಷದ ಲೆಕ್ಕ. 1998ರಲ್ಲಿ ಅಮೆರಿಕದಲ್ಲಿ ಶುರುವಾದ ಆ ಎಣಿಕೆಗೆ ಭಾರತ ಸೇರಿದ್ದು 2013ರಲ್ಲಿ. ಹೊಲದ ವಹಿ ಒಂದು ಕಡೆ, ಕೆರೆಯ ಪಟ್ಟಿ ಒಂದು ಕಡೆ ಇಟ್ಟು ಬೆಳ್ಳಟ್ಟಿಯ ಶಾಲೆ ವರ್ಷ ವರ್ಷ ಬರೆದಿಟ್ಟರೆ, ಐದು ವರ್ಷಕ್ಕೆ ಅದು ಅರಣ್ಯ ಇಲಾಖೆಯವರು ಬಂದು ಕೇಳಿ ಪಡೆಯುವ ಕಾಗದ ಆಗುತ್ತದೆ. ಮುಂದಿನ ಸಲ ಉದ್ಘಾಟನೆಗೆ ಆ ವಹಿಯಲ್ಲಿ ಹೆಸರಿರುವ ರೈತರೊಬ್ಬರನ್ನು ಕರೆಯಿರಿ, ಅದೂ ಡಿಸೆಂಬರಿನಲ್ಲಿ.

ಬಸ್ ಬೆಳಿಗ್ಗೆ ಐದೂವರೆಗೆ ಶಾಲೆಯ ಮುಂದಿನಿಂದ ಹೊರಡುತ್ತದಂತೆ. ದುರ್ಬೀನು ಇರುವುದು ಸ್ವಲ್ಪವೇ, ಮೊದಲು ಸಣ್ಣವರಿಗೆ ಕೊಡಿ.