ಶೇಕಡ ಎರಡರ ಲೆಕ್ಕ



ಹಬ್ಬಕ್ಕೆ ಮುಂಚೆ ಮನೆಗೊಂದು ಫ್ರಿಜ್ ಕೊಳ್ಳಲು ಹೊರಟಿದ್ದೀರಿ ಎಂದಿಟ್ಟುಕೊಳ್ಳೋಣ. ನಾಲ್ಕು ಅಂಗಡಿ ಸುತ್ತಿ, ಚೌಕಾಸಿ ಮಾಡಿ, 25,000 ರೂಪಾಯಿಗೆ ಮಾತು ಮುಗಿಸಿದ್ದೀರಿ. ಕ್ರೆಡಿಟ್ ಕಾರ್ಡ್ ಕೈಗೆತ್ತಿಕೊಂಡ ಕೂಡಲೇ ಗಲ್ಲಾದಿಂದ ಒಂದು ಮಾತು ಬರುತ್ತದೆ: "ಕಾರ್ಡಾದ್ರೆ ಎರಡು ಪರ್ಸೆಂಟ್ ಜಾಸ್ತಿ ಆಗುತ್ತೆ ಸಾರ್."

ಅಂದರೆ 500 ರೂಪಾಯಿ. ಹೊರಗೆ ಗಾಡಿ ಕಾಯುತ್ತಿದೆ, ಹಿಂದೆ ಗಿರಾಕಿಗಳು ನಿಂತಿದ್ದಾರೆ. ಜಗಳವೇಕೆಂದು ನೀವು ಕೊಟ್ಟುಬಿಡುತ್ತೀರಿ. ಈ ಹಣ ಯಾರದ್ದು, ಏತಕ್ಕೆ? ಇಂದು ಅದನ್ನು ತಿಳಿಯೋಣ.

ಮೊದಲು ವರ್ತಕರ ಕಷ್ಟವನ್ನೂ ಕೇಳಬೇಕು. ನೀವು ಕಾರ್ಡಿನಿಂದ ಕೊಟ್ಟ ಹಣ ಪೂರ್ತಿಯಾಗಿ ಅಂಗಡಿಯವರ ಖಾತೆಗೆ ಸೇರುವುದಿಲ್ಲ. ಯಂತ್ರ ಒದಗಿಸಿದ ಬ್ಯಾಂಕು ಅದರಲ್ಲಿ ಒಂದು ಪಾಲನ್ನು ಮುರಿದುಕೊಳ್ಳುತ್ತದೆ. ಇದಕ್ಕೆ ಎಂ.ಡಿ.ಆರ್. ಎಂದು ಹೆಸರು. ಅದರ ಒಂದಂಶ ನಿಮಗೆ ಕಾರ್ಡ್ ಕೊಟ್ಟ ಬ್ಯಾಂಕಿಗೆ, ಒಂದಂಶ ಕಾರ್ಡ್ ಜಾಲದ ಸಂಸ್ಥೆಗೆ ಹೋಗುತ್ತದೆ. ಈ ದರ ಶೇಕಡ 2 ಎಂದು ಹಿಡಿದರೆ 500 ರೂಪಾಯಿ, ಅದರ ಮೇಲೆ ಶೇಕಡ 18ರ ಜಿ.ಎಸ್.ಟಿ. 90 ರೂಪಾಯಿ, ಒಟ್ಟು 590. ಕಡಿಮೆ ಲಾಭದ ಮೇಲೆ ನಡೆಯುವ ಸಣ್ಣ ಅಂಗಡಿಗೆ ಇದು ಹಗುರವಾದ ಹೊರೆಯಲ್ಲ.

ಆದರೆ ಅಂಗಡಿಯ ಬಾಡಿಗೆ, ವಿದ್ಯುತ್ ಬಿಲ್ಲು ಕೂಡ ಖರ್ಚೇ. ಅವುಗಳನ್ನು ಬೆಲೆಯಲ್ಲೇ ಸೇರಿಸುತ್ತಾರೆಯೇ ಹೊರತು ಗಲ್ಲಾದ ಮುಂದೆ ಬೇರೆಯಾಗಿ ಕೇಳುವುದಿಲ್ಲ.

ಇನ್ನು ನಿಯಮಗಳತ್ತ ಬರೋಣ. ಡೆಬಿಟ್ ಕಾರ್ಡಿನ ಪಾವತಿಗೆ ಅಂಗಡಿಯವರು ಹೆಚ್ಚುವರಿ ಶುಲ್ಕ ಕೇಳುವುದು ಸಮರ್ಥನೀಯವಲ್ಲ, ಅಂಥ ಅಂಗಡಿಯೊಡನೆ ಬ್ಯಾಂಕು ಸಂಬಂಧ ಕಡಿದುಕೊಳ್ಳಬೇಕಾಗುತ್ತದೆ ಎಂದು ಭಾರತೀಯ ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್ 17ರಂದೇ ತಿಳಿಸಿತು. ರೂಪೇ ಡೆಬಿಟ್ ಕಾರ್ಡಿಗೆ ಮತ್ತು ಬ್ಯಾಂಕ್ ಖಾತೆಯಿಂದ ನೇರವಾಗಿ ಮಾಡುವ ಭೀಮ್ ಯು.ಪಿ.ಐ. ಪಾವತಿಗೆ 2020ರ ಜನವರಿ 1ರಿಂದ ಎಂ.ಡಿ.ಆರ್. ಇಲ್ಲವೇ ಇಲ್ಲ. ಇಲ್ಲದ ಖರ್ಚಿನ ಹೆಸರಿನಲ್ಲಿ ಯಾರಾದರೂ ಹಣ ಕೇಳಿದರೆ ಕೊಡಬೇಕಾಗಿಲ್ಲ. ಕ್ರೆಡಿಟ್ ಕಾರ್ಡಿನ ವಿಷಯ ಸ್ವಲ್ಪ ಬೇರೆ. ಅಲ್ಲಿ ಬ್ಯಾಂಕು ಮತ್ತು ವರ್ತಕರ ನಡುವಿನ ಒಪ್ಪಂದದಲ್ಲೇ ಸಾಮಾನ್ಯವಾಗಿ ಈ ನಿರ್ಬಂಧ ಇರುತ್ತದೆ. ಆ ಒಪ್ಪಂದದ ಕಾಗದ ಗ್ರಾಹಕರ ಕಣ್ಣಿಗೆ ಬೀಳುವುದಿಲ್ಲ. ತೊಡಕಿರುವುದೇ ಇಲ್ಲಿ.

ಬೇರೆ ದೇಶಗಳು ಏನು ಮಾಡಿದವು? ಬ್ರಿಟನ್ 2018ರ ಜನವರಿ 13ರಿಂದ ಗ್ರಾಹಕರ ಕಾರ್ಡುಗಳ ಮೇಲಿನ ಹೆಚ್ಚುವರಿ ಶುಲ್ಕವನ್ನು ಕಾನೂನಿನ ಮೂಲಕವೇ ನಿಷೇಧಿಸಿತು. ಆಸ್ಟ್ರೇಲಿಯಾ 2003ರಲ್ಲಿ ಅದಕ್ಕೆ ಅವಕಾಶ ಕೊಟ್ಟು, 2016ರಲ್ಲಿ ವರ್ತಕರಿಗೆ ತಗಲುವ ನಿಜವಾದ ವೆಚ್ಚಕ್ಕಿಂತ ಹೆಚ್ಚು ಕೇಳಬಾರದೆಂದು ಮಿತಿ ಹಾಕಿತು. ದಾರಿ ಎರಡಾದರೂ ಉದ್ದೇಶ ಒಂದೇ: ಕೊಳ್ಳುವವರಿಗೆ ಮೋಸವಾಗಬಾರದು.

ನಮ್ಮಲ್ಲೂ ಗ್ರಾಹಕರಿಗೆ ಆಸರೆ ಇದೆ. ಪೊಟ್ಟಣದ ಮೇಲೆ ಮುದ್ರಿಸಿದ ಗರಿಷ್ಠ ಬೆಲೆಯನ್ನು ಮೀರಿ ಮಾರುವಂತಿಲ್ಲ. ಕಾರ್ಡಿನ ನೆಪವೂ ಅದಕ್ಕೆ ಸಲ್ಲದು. ಅಷ್ಟೇ ಅಲ್ಲ, ಬೆಲೆಪಟ್ಟಿಯಲ್ಲಿ ತೋರಿಸಿದ್ದಕ್ಕಿಂತ ಅಥವಾ ಇಬ್ಬರೂ ಒಪ್ಪಿದ್ದಕ್ಕಿಂತ ಹೆಚ್ಚು ಪಡೆದರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ಅದು ದೂರಿಗೆ ಕಾರಣವಾಗುತ್ತದೆ. ನಮ್ಮ ಫ್ರಿಜ್ಜಿನ ಉದಾಹರಣೆಯಲ್ಲಿ ಒಪ್ಪಿದ ಬೆಲೆ 25,000, ಅದನ್ನು ನೆನಪಿಡಿ.

ಹಾಗಾದರೆ ನೀವು ಮಾಡಬೇಕಾದುದೇನು? ಚೌಕಾಸಿಗೆ ಮೊದಲೇ "ಕಾರ್ಡಿಗೂ ಇದೇ ಬೆಲೆಯೇ?" ಎಂದು ಕೇಳಿ. ಹೆಚ್ಚು ಕೇಳಿದರೆ ಅದನ್ನು ಬಿಲ್ಲಿನಲ್ಲಿ ಬೇರೆ ಸಾಲಾಗಿ ಬರೆದುಕೊಡಲು ಹೇಳಿ; ಎಷ್ಟೋ ಸಲ ಮಾತು ಅಲ್ಲಿಗೇ ನಿಲ್ಲುತ್ತದೆ. ಬಿಲ್ಲು ಮತ್ತು ಯಂತ್ರದ ಚೀಟಿ ಎರಡನ್ನೂ ಜೋಪಾನ ಮಾಡಿ. ಚೀಟಿಯಲ್ಲಿ ಯಂತ್ರ ಕೊಟ್ಟ ಬ್ಯಾಂಕಿನ ಹೆಸರಿದ್ದರೆ ಅಲ್ಲಿಗೆ ದೂರು ಬರೆಯಿರಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ವರ್ತಕ ಬಂಧುಗಳಿಗೂ ಒಂದು ಮಾತು. ನಗದಿಗೆ ರಿಯಾಯಿತಿ ಕೊಡುವುದಿದ್ದರೆ ಬಾಗಿಲಲ್ಲೇ ಫಲಕ ಹಾಕಿ. ಬ್ಯಾಂಕಿನ ದರ ಹೆಚ್ಚೆನಿಸಿದರೆ ಬ್ಯಾಂಕಿನೊಡನೆ ಮಾತನಾಡಿ, ದರ ಇಳಿಸಲು ಕೇಳಿ. ಗಿರಾಕಿ ಎಣಿಸುವುದು ಬರೀ ಐನೂರು ರೂಪಾಯಿಯನ್ನಲ್ಲ. ಮೊದಲು ಹೇಳಿದ ಬೆಲೆ ಕೊನೆಗೂ ನಿಂತಿತೇ ಎಂಬುದನ್ನೂ ಅವರು ನೆನಪಿಟ್ಟುಕೊಳ್ಳುತ್ತಾರೆ.