ಹತ್ತಿಯ ಬಿಳುಪು, ಮೈಯ ಕಪ್ಪು

(ಶಾಲೆಯ ಶತಮಾನೋತ್ಸವದ ಅಂಗವಾಗಿ ನೀಡಿದ ಉಪನ್ಯಾಸದ ಬರಹರೂಪ)



ಅಮೆರಿಕ ಖಂಡಗಳ ಕಪ್ಪು ಜನರ ಬಾಳನ್ನು ಕುರಿತು ಮಾತನಾಡುತ್ತೇನೆಂದು ನಾನು ಹೇಳಿದಾಗ, ಕೊಯಮತ್ತೂರು ಸೀಮೆಯ ಕನ್ನಡ ಶಾಲೆಗೂ ಆ ವಿಷಯಕ್ಕೂ ಏನು ನಂಟು ಎಂದು ಕೆಲವರು ಕೇಳಿದರು. ನಂಟು ಹತ್ತಿಯದು. ನಮ್ಮಲ್ಲಿ ಅನೇಕರ ಹಿರಿಯರ ಮನೆಗಳಲ್ಲಿ ಮಗ್ಗವಿತ್ತು. ಮಗ್ಗ ಬಿಟ್ಟವರು ಗಿರಣಿ ಸೇರಿದರು. ಗಿರಣಿ ಮುಚ್ಚಿದ ಮೇಲೆ ತಿರುಪ್ಪೂರಿನ ಬನಿಯನ್ ಕಂಪೆನಿ ಸೇರಿದರು. ಆದ್ದರಿಂದ ಹತ್ತಿಯ ಎಳೆಯನ್ನೇ ಹಿಡಿದು ಹೊರಡುತ್ತೇನೆ.

ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಇಂಗ್ಲೆಂಡಿನ ಗಿರಣಿಗಳಿಗೆ ಹೋಗುತ್ತಿದ್ದ ಹತ್ತಿಯ ದೊಡ್ಡ ಪಾಲು ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣ ರಾಜ್ಯಗಳದು. ಒಂದೇ ದೇಶವನ್ನು ನೆಚ್ಚಿಕೊಂಡಿರುವುದು ಅಪಾಯವೆಂದು ಬಗೆದ ಈಸ್ಟ್ ಇಂಡಿಯಾ ಕಂಪೆನಿಯು ೧೮೪೦ರಲ್ಲಿ ಅಲ್ಲಿನ ಹತ್ತು ಮಂದಿ ಹತ್ತಿ ಬೇಸಾಯಗಾರರನ್ನು ಸಂಬಳ ಕೊಟ್ಟು ಭಾರತಕ್ಕೆ ಕರೆಸಿತು. ಮದರಾಸು ಪ್ರಾಂತದ ಪ್ರಯೋಗಕ್ಕೆ ಕೊಯಮತ್ತೂರಿನ ಹೊಲಗಳನ್ನು ಆರಿಸಿಕೊಳ್ಳಲಾಯಿತು. ಸಸ್ಯವಿಜ್ಞಾನಿ ರಾಬರ್ಟ್ ವೈಟ್ ಅವರ ಮೇಲ್ವಿಚಾರಣೆಯಲ್ಲಿ ೧೮೪೨ರಿಂದ ೧೮೫೩ರವರೆಗೆ ಇಲ್ಲಿ ಅಮೆರಿಕದ ಬೀಜವನ್ನು ಬಿತ್ತಿ ನೋಡಿದರು. ಅದು ನಿರೀಕ್ಷಿಸಿದಂತೆ ನೆಲೆಗೊಳ್ಳಲಿಲ್ಲ. ಧಾರವಾಡದ ಎರೆಹೊಲಗಳಲ್ಲಿ ನೆಲೆಗೊಂಡಿತು. ೧೮೬೧ರಿಂದ ೧೮೬೫ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ನಮ್ಮ ಹತ್ತಿಗೆ ಎಂದೂ ಇಲ್ಲದ ಬೆಲೆ ಬಂದಿತು. ಆ ಕಾಲದಲ್ಲಿ ಕಾರವಾರದ ಬಂದರು ಬೆಳೆದದ್ದೇ ಧಾರವಾಡದ ಹತ್ತಿಯನ್ನು ಹಡಗಿಗೆ ಏರಿಸಲೆಂದು.

ಇಲ್ಲಿಗೆ ಬಂದ ಬೇಸಾಯಗಾರರ ನಾಡಿನಲ್ಲಿ ಹತ್ತಿಯನ್ನು ಬಿಡಿಸುತ್ತಿದ್ದವರು ಯಾರು? ೧೮೬೦ರ ಜನಗಣತಿಯ ವೇಳೆಗೆ ಆ ದೇಶದಲ್ಲಿ ಸುಮಾರು ನಲವತ್ತು ಲಕ್ಷ ಗುಲಾಮರಿದ್ದರು. ಮೂರೂವರೆ ಶತಮಾನಗಳ ಅವಧಿಯಲ್ಲಿ ಆಫ್ರಿಕದ ದಡದಿಂದ ಅಟ್ಲಾಂಟಿಕ್ ಸಾಗರದ ಹಡಗುಗಳಿಗೆ ಏರಿಸಿದವರ ಸಂಖ್ಯೆ ಒಂದು ಕಾಲು ಕೋಟಿಯಷ್ಟೆಂದು ಇತಿಹಾಸಕಾರರು ಲೆಕ್ಕ ಹಾಕಿದ್ದಾರೆ. ಅವರಲ್ಲಿ ಹೆಚ್ಚು ಮಂದಿ ಇಳಿದದ್ದು ಬ್ರೆಜಿಲಿನಲ್ಲಿ. ಆ ದೇಶ ಗುಲಾಮಗಿರಿಯನ್ನು ರದ್ದು ಮಾಡಿದ್ದು ೧೮೮೮ರಲ್ಲಿ, ಅಮೆರಿಕ ಖಂಡಗಳಲ್ಲಿ ಎಲ್ಲರಿಗಿಂತ ಕೊನೆಗೆ. ತಾಯಿ ಗುಲಾಮಳಾಗಿದ್ದರೆ ಮಗುವೂ ಗುಲಾಮನೇ ಎಂಬುದು ಕಾನೂನು. ಹೀಗೆ ಕಪ್ಪು ಎಂಬುದು ಕಣ್ಣಿಗೆ ಕಾಣುವ ಬಣ್ಣವಾಗಿ ಉಳಿಯದೆ, ಹುಟ್ಟಿನಿಂದಲೇ ಅಂಟುವ ಸ್ಥಾನವಾಯಿತು. ಹುಟ್ಟಿನಿಂದ ಸ್ಥಾನ ಗೊತ್ತಾಗುವ ವ್ಯವಸ್ಥೆಯನ್ನು ಈ ಸಭೆಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಬಿಡುಗಡೆಯಾದ ಮೇಲೂ ದಕ್ಷಿಣ ರಾಜ್ಯಗಳಲ್ಲಿ ಕಪ್ಪು ಮಕ್ಕಳಿಗೆ ಬೇರೆ ಶಾಲೆ, ಬೇರೆ ನೀರಿನ ನಲ್ಲಿ, ಬಸ್ಸಿನಲ್ಲಿ ಬೇರೆ ಆಸನ. ಶಾಲೆಯ ಸಮಾರಂಭವಾದ್ದರಿಂದ ಶಾಲೆಯ ಮಾತನ್ನೇ ಹೇಳುತ್ತೇನೆ. ಕೆನ್ನೆತ್ ಕ್ಲಾರ್ಕ್ ಮತ್ತು ಮೇಮಿ ಕ್ಲಾರ್ಕ್ ಎಂಬ ಕಪ್ಪು ಜನಾಂಗದ ಮನಶ್ಶಾಸ್ತ್ರಜ್ಞ ದಂಪತಿ ಸಣ್ಣ ಮಕ್ಕಳ ಮುಂದೆ ಬೊಂಬೆಗಳನ್ನಿಟ್ಟರು. ಬಣ್ಣವೊಂದನ್ನು ಬಿಟ್ಟರೆ ಎಲ್ಲವೂ ಒಂದೇ ಬಗೆಯವು. ಒಳ್ಳೆಯ ಬೊಂಬೆ ಯಾವುದು, ಕೆಟ್ಟದ್ದು ಯಾವುದು ಎಂದು ಕೇಳಿದರು. ಕಪ್ಪು ಮಕ್ಕಳಲ್ಲಿಯೇ ಹೆಚ್ಚಿನವರು ಬಿಳಿಯ ಬೊಂಬೆ ಒಳ್ಳೆಯದೆಂದರು. ಕೊನೆಯ ಪ್ರಶ್ನೆ, ನಿನ್ನಂತಿರುವ ಬೊಂಬೆ ಯಾವುದು ಎಂಬುದು. ಕೆಲವು ಮಕ್ಕಳು ಅತ್ತುಬಿಟ್ಟರು. ಬೇರೆ ಬೇರೆ ಶಾಲೆ ಇಡುವುದು ಸಂವಿಧಾನಕ್ಕೆ ವಿರುದ್ಧವೆಂದು ೧೯೫೪ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ತೀರ್ಪು ಕೊಟ್ಟಾಗ ಈ ಅಧ್ಯಯನವನ್ನೂ ಆಧಾರಗಳಲ್ಲಿ ಒಂದಾಗಿ ಹೆಸರಿಸಿತು.

ಆ ಬೊಂಬೆಗಳನ್ನು ನಮ್ಮ ಮನೆಯ ಮಕ್ಕಳ ಮುಂದಿಟ್ಟರೆ ಏನಾದೀತು? ಹೆಣ್ಣು ನೋಡಿ ಬಂದವರು "ಕಪ್ಪಗಿದ್ದರೂ ಲಕ್ಷಣವಾಗಿದ್ದಾಳೆ" ಎನ್ನುತ್ತಾರೆ. ಮೆಚ್ಚುಗೆಯೆಂದೇ ಆಡುವ ಮಾತು. ಆ ಒಂದು 'ದ್ದರೂ' ಎಂಬ ಪ್ರತ್ಯಯವನ್ನು ಮನೆಯ ಮೂಲೆಯಲ್ಲಿ ಕುಳಿತ ಹುಡುಗಿ ಕೇಳಿಸಿಕೊಳ್ಳುತ್ತಾಳೆ. ಹತ್ತಿ ಬೆಳೆಯುವ ಕರಿಮಣ್ಣನ್ನು ಹೊಗಳುವಾಗ ನಾವು 'ಕಪ್ಪಾದರೂ ಫಲವತ್ತು' ಎನ್ನುವುದಿಲ್ಲ. ಕರ್ನಾಟಕ ಎಂಬ ಹೆಸರಿಗೇ ಕರಿಮಣ್ಣಿನ ನಾಡೆಂದು ಅರ್ಥ ಹೇಳುವ ವಿದ್ವಾಂಸರಿದ್ದಾರೆ!

ಆಫ್ರಿಕದ ಮೂಲದ ಕನ್ನಡಿಗರೂ ಇದ್ದಾರೆಂಬುದು ನಮ್ಮ ಮಕ್ಕಳಲ್ಲಿ ಎಷ್ಟು ಮಂದಿಗೆ ಗೊತ್ತು? ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಅಂಕೋಲ, ಮುಂಡಗೋಡದ ಕಾಡಂಚಿನಲ್ಲಿ ಸಿದ್ದಿಗಳು ವಾಸವಾಗಿದ್ದಾರೆ. ಬ್ರೆಜಿಲಿಗೆ ಗುಲಾಮರನ್ನು ಒಯ್ದ ಪೋರ್ಚುಗೀಸರೇ ಗೋವೆಗೂ ತಂದರು. ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಸಂತತಿ ಇವರಲ್ಲಿ ಬಹಳವಿದೆ. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಮತದವರು ಇವರಲ್ಲಿದ್ದಾರೆ. ಕನ್ನಡ, ಕೊಂಕಣಿ ಇವರ ಮಾತು. ಆದರೂ ಪೇಟೆಗೆ ಬಂದರೆ "ಯಾವ ದೇಶ?" ಎಂಬ ಪ್ರಶ್ನೆ ತಪ್ಪಿದ್ದಲ್ಲ. ೧೯೮೦ರ ದಶಕದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ಸಿದ್ದಿ ಮಕ್ಕಳನ್ನು ಆರಿಸಿ ಓಟಕ್ಕೆ ತರಬೇತಿ ಕೊಟ್ಟಿತು. ಮಕ್ಕಳು ಪದಕ ಗೆದ್ದರು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು. ಅವಕಾಶ ಕೊಟ್ಟದ್ದು ಒಳ್ಳೆಯದೇ. ಆದರೆ ಆಫ್ರಿಕದ ರಕ್ತವೆಂದ ಮೇಲೆ ಓಡಲೇಬೇಕೆಂಬ ಎಣಿಕೆಯೂ ಬಣ್ಣದ ಎಣಿಕೆಯೇ ಎಂದು ನನಗನ್ನಿಸುತ್ತದೆ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ದೊರೆತದ್ದು ೨೦೦೩ರಲ್ಲಿ. ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡದ್ದು ೨೦೨೦ರಲ್ಲಿ. ಅವರಿಗಿಂತ ಮೊದಲು ಆ ಸಮುದಾಯದ ಯಾರೂ ಅಲ್ಲಿ ಕುಳಿತಿರಲಿಲ್ಲ.

ಬಟ್ಟೆಯ ಊರಿನವರಾದ ನಿಮಗೆ ಇನ್ನೊಂದು ಸಂಗತಿ ಹಿಡಿಸೀತು. ಸಿದ್ದಿ ಹೆಂಗಸರು ಹಳೆಯ ಬಟ್ಟೆಯ ತುಂಡುಗಳನ್ನು ಜೋಡಿಸಿ ಕೌದಿ ಹೊಲಿಯುತ್ತಾರೆ. ಅಮೆರಿಕದ ಅಲಬಾಮ ರಾಜ್ಯದಲ್ಲಿ ಗೀಸ್ ಬೆಂಡ್ ಎಂಬ ಹಳ್ಳಿಯಿದೆ. ಹತ್ತಿಯ ತೋಟದ ಗುಲಾಮರ ಸಂತತಿಯವರ ಊರು. ಅಲ್ಲಿನ ಹೆಂಗಸರೂ ಹೊಲದ ಕೆಲಸಕ್ಕೆ ಉಟ್ಟು ಸವೆದ ಬಟ್ಟೆಗಳಿಂದ ಇಂಥದೇ ಕೌದಿ ಹೊಲಿದರು. ಇಂದು ಅವು ದೊಡ್ಡ ಕಲಾ ಸಂಗ್ರಹಾಲಯಗಳ ಗೋಡೆಯ ಮೇಲಿವೆ.

ಜಾತಿ ಬೇರೆ, ವರ್ಣಭೇದ ಬೇರೆ ಎಂದು ವಾದಿಸುವವರಿದ್ದಾರೆ. ಎರಡೂ ಒಂದೇ ಅಲ್ಲ, ನಿಜ. ಆದರೆ ಅನುಭವಿಸಿದವರು ನಂಟನ್ನು ಗುರುತಿಸಿದ್ದಾರೆ. ಜೋತಿಬಾ ಫುಲೆಯವರು ೧೮೭೩ರಲ್ಲಿ ತಮ್ಮ 'ಗುಲಾಮಗಿರಿ'ಯನ್ನು ಅರ್ಪಿಸಿದ್ದು ಗುಲಾಮರ ಬಿಡುಗಡೆಗಾಗಿ ದುಡಿದ ಅಮೆರಿಕದ ಜನರಿಗೆ. ೧೯೫೯ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ತಿರುವನಂತಪುರದ ಒಂದು ಶಾಲೆಗೆ ಹೋದರು. ಅಲ್ಲಿ ಓದುತ್ತಿದ್ದವರು ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳು. ಮುಖ್ಯೋಪಾಧ್ಯಾಯರು ಕಿಂಗ್ ಅವರನ್ನು ಅಮೆರಿಕದಿಂದ ಬಂದ ಅಸ್ಪೃಶ್ಯ ಬಂಧು ಎಂದೇ ಪರಿಚಯಿಸಿದರು. ಮೊದಲು ತಮಗೆ ನೋವಾಯಿತೆಂದೂ, ಆಮೇಲೆ ಯೋಚಿಸಿದಾಗ ಆ ಮಾತು ದಿಟವೆನಿಸಿತೆಂದೂ ಕಿಂಗ್ ತಾವೇ ಹೇಳಿಕೊಂಡಿದ್ದಾರೆ.

ತಿರುಪ್ಪೂರಿನ ಖಾದರ್‌ಪೇಟೆಯಲ್ಲಿ ಬನಿಯನ್ ಕೊಳ್ಳಲು ನೈಜೀರಿಯದ ವ್ಯಾಪಾರಿಗಳು ಬರುತ್ತಾರೆ. ಅವರ ಹಣ ನಮಗೆ ಬೇಕು. ಬಾಡಿಗೆಗೆ ಮನೆ ಕೇಳಿದರೆ ಮಾತ್ರ ಬಾಗಿಲು ಮುಚ್ಚಿಕೊಳ್ಳುತ್ತದೆ. ವೀಸಾ ಮುಗಿದ ಯಾರನ್ನೋ ಪೊಲೀಸರು ಹಿಡಿದರೆ ಆ ಬಣ್ಣದವರೆಲ್ಲ ಕಳ್ಳರು ಎಂಬ ಮಾತು ಹುಟ್ಟುತ್ತದೆ. ಈ ಬಗೆಯ ಮಾತು ಎಲ್ಲಿಗೆ ಮುಟ್ಟುತ್ತದೆಂಬುದನ್ನು ೨೦೧೬ರ ಜನವರಿ ೩೧ರಂದು ಬೆಂಗಳೂರಿನ ಹೆಸರಘಟ್ಟದ ಬಳಿ ಕಂಡೆವು. ಸುಡಾನಿನ ವಿದ್ಯಾರ್ಥಿಯೊಬ್ಬನ ಕಾರು ಬಡಿದು ಒಬ್ಬ ಮಹಿಳೆ ತೀರಿಕೊಂಡರು. ಆಮೇಲೆ ಆ ದಾರಿಯಲ್ಲಿ ಬಂದ ತಾಂಜಾನಿಯದ ವಿದ್ಯಾರ್ಥಿನಿಯ ಮೇಲೆ ಗುಂಪು ಎರಗಿತು. ಅವಳ ಜೊತೆಯವರ ಕಾರನ್ನು ಸುಟ್ಟಿತು. ಆ ಅಪಘಾತಕ್ಕೂ ಅವಳಿಗೂ ಬಣ್ಣವಲ್ಲದೆ ಬೇರೆ ಸಂಬಂಧವಿರಲಿಲ್ಲ. ಕೂಗಾಡಿದವರು ನಮ್ಮ ನುಡಿಯವರು.

ತಲೆಮಾರುಗಳಿಂದ ಈ ನೆಲದಲ್ಲಿದ್ದರೂ "ನೀವು ಕರ್ನಾಟಕದವರಾ?" ಎಂಬ ಪ್ರಶ್ನೆಯನ್ನು ನಾವೂ ಕೇಳಿಸಿಕೊಂಡವರೇ. ಅದನ್ನು ಸಿದ್ದಿಗಳ ಪಾಡಿಗೋ ಅಮೆರಿಕದ ಕಪ್ಪು ಜನರ ಪಾಡಿಗೋ ಸಮವೆಂದು ನಾನು ಹೇಳಲಾರೆ; ನಮ್ಮನ್ನು ಯಾರೂ ಮಾರಿಲ್ಲ. ಆದರೆ ಆ ಪ್ರಶ್ನೆಯ ಚುಚ್ಚು ನಮಗೆ ತಿಳಿದಿದೆ.

ಶತಮಾನೋತ್ಸವ ಸಮಿತಿಯವರಲ್ಲಿ ಎರಡು ಬಿನ್ನಹಗಳಿವೆ. ವಾರ್ಷಿಕೋತ್ಸವದ ನಾಟಕದಲ್ಲಿ ರಾಣಿಯ ಪಾತ್ರಕ್ಕೆ ಮಾತಿನ ಸ್ಪಷ್ಟತೆಯನ್ನು ನೋಡಿ ಆರಿಸಲಿ; ಪೌಡರಿನ ಡಬ್ಬಿ ಒಂದು ವರ್ಷ ಕಪಾಟಿನಲ್ಲೇ ಇರಲಿ. ಎರಡನೆಯದು, ಹೊಸ ಗ್ರಂಥಾಲಯದ ಉದ್ಘಾಟನೆಗೆ ಯಲ್ಲಾಪುರದ ಕಡೆಯಿಂದ ಸಿದ್ದಿ ಕಲಾವಿದರನ್ನು ಕರೆಯಿಸೋಣ. ಡಮಾಮಿ ವಾದ್ಯದೊಡನೆ ಅವರು ಬರಲಿ. ನಮ್ಮ ಮಕ್ಕಳು ಅವರೊಡನೆ ಕನ್ನಡದಲ್ಲಿ ಮಾತನಾಡಲಿ. ಪ್ರಯಾಣದ ವೆಚ್ಚವನ್ನು ಹಳೆಯ ವಿದ್ಯಾರ್ಥಿಗಳ ಸಂಘದವರು ವಹಿಸಿಕೊಳ್ಳುವರೆಂದು ನಂಬಿದ್ದೇನೆ.